ಇನ್ನೂರ ಹದಿನೇಳನೆಯವಳ ನಿದ್ದೆ

ಅಂಕಿಅಂಶದ ಸಾಫ್ಟ್‌ವೇರ್ ಅಂದರೆ ಜನ ಆಕಳಿಸುತ್ತಾರೆ. ಆಕಳಿಸಲಿ. ಯಾರು ಎಷ್ಟು ಸಲ ಆಕಳಿಸಿದರು ಅಂತ ಬರೆದುಕೊಟ್ಟರೆ ಅದರಲ್ಲೂ ನಾನು ಏನಾದರೊಂದು ಹೊರಡಿಸಬಲ್ಲೆ. ಹತ್ತೊಂಬತ್ತು ವರ್ಷದಿಂದ ಒಂದೇ ಸಾಫ್ಟ್‌ವೇರ್‌ನ ಮುಂದೆ ಕೂತಿದ್ದೇನೆ. ಅದರ ಹೊಸ ಆವೃತ್ತಿ ಬಂದ ದಿನ ರಜೆ ಹಾಕುತ್ತೇನೆ, ಬೇರೆಯವರು ಮದುವೆಗೆ ಹಾಕುವ ಹಾಗೆ. ಮನೆಯ ಲೆಕ್ಕವನ್ನೂ ಬಿಟ್ಟವಳಲ್ಲ. ಹಾಲು ಎಷ್ಟು ನಿಮಿಷಕ್ಕೆ ಉಕ್ಕಿತು, ಅಮ್ಮ ದಿನಕ್ಕೆ ಎಷ್ಟು ಸಲ ಕನ್ನಡಕ ಹುಡುಕಿದಳು, ಎಲ್ಲಕ್ಕೂ ನನ್ನ ಹತ್ತಿರ ನಕ್ಷೆ ಇತ್ತು. ಅಕ್ಕ ನನ್ನನ್ನು ದಶಾಂಶ ಅಂತಲೇ ಕರೆಯುತ್ತಿದ್ದಳು. ಅತಿಥಿಗಳು ಬರುವ ದಿನ, ದಶಾಂಶಾ, ಊಟಕ್ಕೆ ಎಷ್ಟು ಜನ, ಮೂರು ಪಾಯಿಂಟ್ ಐದಾ ಅಂತ ಕೇಳಿ ತಾನೇ ನಗುತ್ತಿದ್ದಳು.

ನನ್ನ ಕೆಲಸ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ. ಮೂರನೇ ಮಹಡಿ, ಎಕ್ಸ್‌ರೇ ಕೋಣೆಯ ಪಕ್ಕ, ಕಿಟಕಿ ಇಲ್ಲದ ಹತ್ತಡಿ ಜಾಗ. ಆಗ ನಡೆಯುತ್ತಿದ್ದುದು ನಿದ್ದೆಯ ಅಧ್ಯಯನ. ನಾನೂರ ಹನ್ನೆರಡು ಜನ ದಿನಾ ಬೆಳಿಗ್ಗೆ ಫೋನಿನಲ್ಲಿ ಒಂದು ಪುಟ ತೆರೆದು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದೆವು ಅಂತ ಬರೆಯಬೇಕು. ಆ ಬರಹ ಎರಡು ತಿಂಗಳಿಗೊಮ್ಮೆ ಒಂದು ಫೈಲಾಗಿ ನನಗೆ ಬರುತ್ತಿತ್ತು. ಹೆಸರಿಲ್ಲ, ಬರೀ ನಂಬರು. ಇನ್ನೂರ ಹದಿನೇಳು ಅಂದರೆ ನನ್ನ ಅಕ್ಕ. ಜನ ಸಾಲುತ್ತಿಲ್ಲ ಅಂತ ನಾನೇ ಸೇರಿಸಿದ್ದೆ. ಅವಳಿಗೆ ಸೋಮಾರಿತನ, ಎಷ್ಟೋ ದಿನ ಅಮ್ಮನ ಕೈಲಿ ಬರೆಸುತ್ತಿದ್ದಳು.

ಅಕ್ಕ ಟೈಲರ್. ಒಂದು ಮಂಗಳವಾರ ಅಂಗಡಿಗೆ ಬೀಗ ಹಾಕಿ, ಒಂದು ಚೀಲ ಹಿಡಿದು ಹೋದವಳು ಬರಲಿಲ್ಲ. ಫೋನು ಸ್ವಿಚ್ ಆಫ್. ಜಗಳವಿಲ್ಲ, ಚೀಟಿ ಇಲ್ಲ, ಅರ್ಧ ಹೊಲಿದ ಕುಪ್ಪಸ ಮೆಷಿನ್ನಿನ ಸೂಜಿಯ ಕೆಳಗೆ ಹಾಗೇ ಇತ್ತು. ಪೊಲೀಸರು ಬರೆದುಕೊಂಡರು, ನಲವತ್ತೆಂಟು ವರ್ಷದ ಹೆಂಗಸು ತಾನಾಗಿ ಹೋದರೆ ನಾವೇನು ಮಾಡೋಣ ಅಂದರು. ಅಮ್ಮ ಅಳಲಿಲ್ಲ. ಊಟ ಬಿಟ್ಟಳು. ತುತ್ತು ಕೈಯಲ್ಲಿ ಹಿಡಿದು ಬಾಗಿಲು ನೋಡುತ್ತಾ ಕೂತುಬಿಡುತ್ತಿದ್ದಳು, ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಳು. ಅದರ ನಕ್ಷೆಯನ್ನೂ ನಾನು ಬರೆದಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು.

ಫೈಲಿನಲ್ಲಿ ಅಕ್ಕನ ಸಾಲು ಅಲ್ಲಿಂದಾಚೆ ಖಾಲಿ. ಖಾಲಿ ಜಾಗ ತುಂಬುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಕೆಲಸ. ಬರೆಯದೆ ಬಿಟ್ಟವರ ಹಿಂದಿನ ಅಭ್ಯಾಸ, ವಯಸ್ಸು, ಅವರಂಥ ಬೇರೆಯವರ ನಿದ್ದೆ ಎಲ್ಲ ನೋಡಿ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಒಂದು ಊಹೆಯಲ್ಲ, ಇಪ್ಪತ್ತು. ಇಪ್ಪತ್ತು ಪ್ರತಿ, ಒಂದೊಂದರಲ್ಲೂ ಬೇರೆ ಬೇರೆ ಸಂಖ್ಯೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ರೀತಿ ಅದು. ಅಕ್ಕ ಒಂದು ಪ್ರತಿಯಲ್ಲಿ ಎಂಟು ಗಂಟೆ ನೆಮ್ಮದಿಯಾಗಿ ಮಲಗಿದ್ದರೆ ಇನ್ನೊಂದರಲ್ಲಿ ಎರಡು ಗಂಟೆಗೇ ಎದ್ದು ಕೂತಿರುತ್ತಿದ್ದಳು. ನಾನು ಬೆಳಿಗ್ಗೆ ಆರೂವರೆಗೆ ಲ್ಯಾಪ್‌ಟಾಪಿನಲ್ಲಿ ಅವಳ ಹಿಂದಿನ ರಾತ್ರಿಯನ್ನು ತುಂಬಿಸಿ ನೋಡತೊಡಗಿದೆ. ಯಾರಿಗೂ ಹೇಳಲಿಲ್ಲ. ಕುಡುಕರು ಬಾಟಲಿ ಬಚ್ಚಿಡುತ್ತಾರಲ್ಲ, ಹಾಗೆ.

ಒಂದು ದಿನ ಕಾಫಿ ಕುಡಿಯುವಾಗ ಅಮ್ಮ, ಎಲ್ಲಿದ್ದಾಳೋ, ನಿದ್ದೆ ಮಾಡಿದಳೋ ಇಲ್ಲವೋ ಅಂದಳು. ಐದೂವರೆ ಗಂಟೆ ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಇಪ್ಪತ್ತು ಊಹೆಗಳ ಸರಾಸರಿ ಅದು, ಅರ್ಧ ಗಂಟೆಗೆ ಸರಿಮಾಡಿದ್ದು. ಅಮ್ಮ ಹೇಗೆ ಗೊತ್ತಾಯಿತು ಅಂತ ಕೇಳಲಿಲ್ಲ. ಐದೂವರೆಯಾ, ಪರವಾಗಿಲ್ಲ ಅಂದಳು. ಅವತ್ತು ತಟ್ಟೆ ತುಂಬ ಊಟ ಮಾಡಿದಳು. ಆಮೇಲೆ ನಿಲ್ಲಿಸುವುದು ಹೇಗೆ? ದಿನಾ ಕೇಳುವುದು, ದಿನಾ ಹೇಳುವುದು. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ಲೆಕ್ಕ ಸರಿಯಾಗಿತ್ತು.

ನಿಧಾನವಾಗಿ ಮನೆ ಆ ಸಂಖ್ಯೆಯ ಮೇಲೆ ನಡೆಯಲು ಶುರುವಾಯಿತು. ಆರು ಅಂದ ದಿನ ಅಮ್ಮ ರೇಡಿಯೋ ಹಾಕುತ್ತಿದ್ದಳು. ಐದು ಅಂದ ದಿನ ಪಾತ್ರೆ ಸದ್ದಾಗದಂತೆ ಇಡುತ್ತಿದ್ದಳು, ಅಕ್ಕನ ಕೋಣೆಯ ಮುಂದೆ ತುದಿಗಾಲಲ್ಲಿ ಓಡಾಡುತ್ತಿದ್ದಳು. ಫೋನಿನಲ್ಲಿ ನಾನು ಗಟ್ಟಿಯಾಗಿ ಮಾತಾಡಿದರೆ ಮೆಲ್ಲಗೆ, ಮೆಲ್ಲಗೆ ಅಂತ ಕೈ ಆಡಿಸುತ್ತಿದ್ದಳು. ವಾರಕ್ಕೊಮ್ಮೆ ಆ ಕೋಣೆಯ ಹಾಸಿಗೆ ಬಟ್ಟೆ ಒಗೆಯಲು ಬೀಳುತ್ತಿತ್ತು. ವಯಸ್ಸಾಯಿತು, ಸಮಾಧಾನವಾಗಿದ್ದಾಳಲ್ಲ, ಇರಲಿ ಅಂತ ನಾನು ಸುಮ್ಮನಿದ್ದೆ.

ಹನ್ನೊಂದನೇ ತಿಂಗಳಲ್ಲಿ ಒಂದು ಸೋಮವಾರ ಅಧ್ಯಯನದ ಡಾಕ್ಟರ್ ನನ್ನ ಕೋಣೆಗೆ ಬಂದು ಹೊಸ ಫೈಲು ಕೊಟ್ಟರು. ಶುಕ್ರವಾರಕ್ಕೆ ಎಲ್ಲ ಮುಗಿಯಬೇಕು, ಬರೆಯುವುದು ಬಿಟ್ಟವರ ಮುಂದೆ ಕಾರಣದ ಸಂಖ್ಯೆ ಹಾಕಿ ಮುಚ್ಚಿಬಿಡಿ ಅಂದರು. ಒಂದು ಅಂದರೆ ತಾನಾಗಿ ಬಿಟ್ಟವರು. ಎರಡು ಅಂದರೆ ತೀರಿಕೊಂಡವರು. ಮೂರು ಅಂದರೆ ಮಾಹಿತಿ ಇಲ್ಲ. ಇನ್ನೂರ ಹದಿನೇಳು ಯಾರು ಅಂತ ಅವರಿಗೆ ಗೊತ್ತಿತ್ತು, ಹಾಗಾಗಿ ನನ್ನ ಮುಖ ನೋಡದೆ ಹೇಳಿದರು.

ಅಭ್ಯಾಸಬಲದಿಂದ ಮೊದಲು ಖಾಲಿ ಜಾಗ ತುಂಬಿಸಿದೆ. ಇಪ್ಪತ್ತು ಪ್ರತಿ ಬಂತು. ಅಕ್ಕನ ಕೊನೆಯ ಎರಡು ತಿಂಗಳು ಇಪ್ಪತ್ತರಲ್ಲೂ ಒಂದೇ. ಒಂದು ರಾತ್ರಿ ಐದೂವರೆ ಅಂದರೆ ಇಪ್ಪತ್ತರಲ್ಲೂ ಐದೂವರೆ. ಮತ್ತೆ ಮಾಡಿದೆ. ಕಂಪ್ಯೂಟರ್ ಮುಚ್ಚಿ, ತೆರೆದು, ಮತ್ತೆ ಮಾಡಿದೆ. ಅದೇ. ಸಾಫ್ಟ್‌ವೇರ್ ಊಹಿಸದೆ ಹಾಗೇ ಬಿಡುವುದು ಒಂದನ್ನೇ, ಖಾಲಿ ಇಲ್ಲದ ಜಾಗವನ್ನು. ಮೂಲ ಫೈಲು ತೆರೆದು ನೋಡಿದೆ. ಅರವತ್ತೊಂದು ದಿನ, ಬೆಳಿಗ್ಗೆ ಏಳೂ ಇಪ್ಪತ್ತರ ಹೊತ್ತಿಗೆ, ಇನ್ನೂರ ಹದಿನೇಳನೆಯವಳು ತನ್ನ ಪುಟ ತೆರೆದು ನಿದ್ದೆ ಬರೆದಿದ್ದಳು.

ಅಮ್ಮನಿಗೆ ಹೇಳಲಿಲ್ಲ. ಸುಳ್ಳಾದರೆ ಅವಳು ಉಳಿಯುವುದಿಲ್ಲ. ಆಫೀಸಿನಿಂದ ಆ ಪುಟಕ್ಕೆ ಸಂದೇಶ ಕಳಿಸಬಹುದು. ಎಲ್ಲರಿಗೂ ಕಳಿಸುವ ಧಾಟಿಯಲ್ಲೇ, ನೀವು ಕ್ಷೇಮವೇ ಅಂತ ಬರೆದೆ. ಬುಧವಾರ ಬೆಳಿಗ್ಗೆ ಉತ್ತರ ಬಂದಿತ್ತು. ಚೆನ್ನಾಗಿದ್ದೀನಿ, ಯೋಚನೆ ಮಾಡಬೇಡಿ. ನಾನು ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಅತ್ತೆ. ಬದುಕಿದ್ದಾಳೆ, ಬದುಕಿದ್ದಾಳೆ ಅಂತ ಕನ್ನಡಿಗೆ ಹೇಳಿದೆ. ಹೊರಗೆ ಬಂದು ಇನ್ನೊಂದು ಸಂದೇಶ ಬರೆದೆ. ಎಲ್ಲಿದ್ದೀರಿ?

ಗುರುವಾರದ ಉತ್ತರ ಒಂದೇ ಪದ. ಮನೆಯಲ್ಲೇ.

ಎಷ್ಟು ಹೊತ್ತು ಆ ಪದವನ್ನು ನೋಡಿದೆನೋ, ಅದೊಂದು ಸಲ ನಾನು ಎಣಿಸಲಿಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು, ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು. ಅಮ್ಮ ಹೊರಗೆ ಹೋಗಿದ್ದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅಕ್ಕನ ಕೋಣೆಯ ಬಾಗಿಲು ತಳ್ಳಿದೆ. ಪರದೆ ಎಳೆದಿತ್ತು. ಹೊದಿಕೆ ಒಂದು ಮೂಲೆಗೆ ಸರಿದಿತ್ತು, ಈಗಷ್ಟೇ ಯಾರೋ ಎದ್ದುಹೋದ ಹಾಗೆ. ದಿಂಬಿನಲ್ಲಿ ತಲೆಯ ಗುಳಿ. ಪಕ್ಕದ ಸ್ಟೂಲಿನ ಮೇಲೆ ಅರ್ಧ ಕುಡಿದ ನೀರಿನ ಲೋಟ. ಹಾಸಿಗೆ ಮುಟ್ಟಿ ನೋಡಬೇಕು ಅನ್ನಿಸಿತು. ಬೆಚ್ಚಗಿದ್ದರೆ ಏನು ಮಾಡುವುದು ಅಂತ ಭಯವಾಗಿ ಕೈ ಹಿಂದೆಳೆದುಕೊಂಡು ಬಾಗಿಲು ಹಾಕಿದೆ. ಸೀದಾ ಆಫೀಸಿಗೇ ವಾಪಸ್ ಹೋದೆ, ಆ ಮನೆಯಲ್ಲಿ ಒಬ್ಬಳೇ ಕೂರಲು ಆಗಲಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಸೋಮವಾರವೇ ಮಾಡಬೇಕಾದ ಕೆಲಸವನ್ನು ಗುರುವಾರ ಸಂಜೆ ಮಾಡಿದೆ. ಅಕ್ಕನ ನಿದ್ದೆಯ ನಕ್ಷೆ ಬರೆದೆ. ಅವಳು ಇದ್ದಾಗಿನ ಗೆರೆ ಮೂರಕ್ಕೆ ಬಿದ್ದು ಒಂಬತ್ತಕ್ಕೆ ಹಾರಿ ಕುಣಿಯುತ್ತಿತ್ತು. ಮದುವೆ ಸೀಸನ್ನಿನಲ್ಲಿ ರಾತ್ರಿಯಿಡೀ ಹೊಲಿಗೆ, ಭಾನುವಾರ ಮಧ್ಯಾಹ್ನದವರೆಗೂ ಗೊರಕೆ. ಕೊನೆಯ ಎರಡು ತಿಂಗಳ ಗೆರೆ ಮಟ್ಟಸ. ಐದೂವರೆ, ಐದೂವರೆ, ಆರು, ಐದು, ಐದೂವರೆ. ಉಸಿರಾಡುವ ಮನುಷ್ಯರು ಯಾರೂ ಹಾಗೆ ಮಲಗುವುದಿಲ್ಲ. ಹಾಗೆ ಮಲಗುವುದು ಸರಾಸರಿ ಮಾತ್ರ. ನಾನು ದಿನಾ ಅಮ್ಮನಿಗೆ ಹೇಳಿದ ಸಂಖ್ಯೆಯನ್ನೂ ಬರೆದಿಡುತ್ತಿದ್ದೆನಲ್ಲ, ಆ ಪಟ್ಟಿಯನ್ನು ಪಕ್ಕದಲ್ಲಿಟ್ಟೆ. ಅರವತ್ತೊಂದಕ್ಕೆ ಅರವತ್ತೊಂದೂ ಸರಿಹೋಯಿತು. ಅಕ್ಕನ ಪುಟದ ಪಾಸ್‌ವರ್ಡ್ ಅಮ್ಮನಿಗೆ ಗೊತ್ತಿತ್ತು. ನನ್ನ ಊಹೆ ಅಮ್ಮನ ಕೈಯಿಂದ ಹಾದು ಸತ್ಯವಾಗಿ ನನ್ನ ಹತ್ತಿರವೇ ವಾಪಸ್ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ.

ಅರವತ್ತೊಂದು ದಿನವನ್ನೂ ಅಳಿಸಿದೆ. ಅವಳ ನಂಬರಿನ ಮುಂದೆ ಮೂರು ಅಂತ ಹಾಕಿ ಫೈಲು ಮುಚ್ಚಿದೆ. ಅಕ್ಕನನ್ನು ನನ್ನ ಕೈಯಾರೆ ಹೊರಗೆ ಹಾಕಿದ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ಅಮ್ಮ ಕಾಫಿ ತಂದಿಟ್ಟು, ಮಡಿಲಲ್ಲಿ ಫೋನಿಟ್ಟುಕೊಂಡು ಎದುರಿಗೆ ಕೂತಳು. ಗಡಿಯಾರದಲ್ಲಿ ಏಳೂ ಹದಿನೈದು.

"ಎಷ್ಟು ಹೊತ್ತು ಮಲಗಿದ್ಳು?"

"ಗೊತ್ತಿಲ್ಲಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಈಗ ನೋಡಿ ಹೇಳು ಅಂದಳು. ನಾನು ಎಲ್ಲವನ್ನೂ ಹೇಳಿದೆ. ಅದು ಸುದ್ದಿಯಲ್ಲ, ಊಹೆ ಅಂದೆ. ಅಕ್ಕ ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ಯಾವ ಕಂಪ್ಯೂಟರಿಗೂ ಗೊತ್ತಿಲ್ಲ, ಇಷ್ಟು ತಿಂಗಳು ನಾನು ಹೇಳಿದ ಒಂದು ರಾತ್ರಿಯೂ ಅವಳದಲ್ಲ ಅಂದೆ. ನೀನು ಯಾಕೆ ಬರೆದೆ ಅಂತ ಕೇಳಿದಾಗ ಅಮ್ಮ ತಪ್ಪು ಒಪ್ಪಿಕೊಳ್ಳುವವಳ ಹಾಗೆ ತಲೆ ತಗ್ಗಿಸಿದಳು. ಅವಳ ಪುಟ ಖಾಲಿ ಇತ್ತಲ್ಲ, ನೀನು ಹೇಳಿದ್ದನ್ನೇ ಬರೆದೆ ಅಂದಳು. ಆಫೀಸಿನವರು ಯಾರೋ ಪಾಪ ವಿಚಾರಿಸುತ್ತಿದ್ದರು, ಉತ್ತರ ಕೊಡದಿದ್ದರೆ ಚೆನ್ನಾಗಿರುತ್ತದಾ ಅಂದಳು.

ಆಮೇಲೆ ಫೋನನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಕಾಫಿ ಕೆನೆಗಟ್ಟಿತು. ಅವಳ ಕಣ್ಣು ಮೆಲ್ಲಗೆ ಅಕ್ಕನ ಕೋಣೆಯ ಕಡೆ ತಿರುಗಿತು, ಅಲ್ಲಿಂದ ನನ್ನ ಕಡೆ. ಅಮ್ಮನ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ಆ ರೂಮಲ್ಲಿ ನನ್ನ ಪಕ್ಕ ಮಲಗ್ತಿದ್ದೋಳು ಯಾರೇ?"

ಅಮ್ಮ ರಾತ್ರಿ ಆ ಕೋಣೆಯಲ್ಲಿ ಮಲಗುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಂಡಳು. ಅಕ್ಕ ಹೋದ ದಿನ ಅಳದವಳು, ಪೊಲೀಸರ ಮುಂದೆ ಅಳದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಈಗಷ್ಟೇ ಸುದ್ದಿ ಬಂದವಳ ಹಾಗೆ ಅಳಲು ಶುರುಮಾಡಿದಳು. ಅಕ್ಕ ನಮ್ಮನ್ನು ಬಿಟ್ಟು ಹೋಗಿ ಹನ್ನೊಂದು ತಿಂಗಳಾಗಿತ್ತು. ಅಮ್ಮ ಅವಳನ್ನು ಕಳೆದುಕೊಂಡದ್ದು ಆ ಶುಕ್ರವಾರ, ನನ್ನಿಂದ.