ಗುತ್ಯಮ್ಮನ ಮುಯ್ಯಿ

ಪುಷ್ಯ ಮಳೆ ಹಿಡಿದು ಆರು ದಿನವಾಗಿತ್ತು. ಇಕ್ಕೇರಿ ಕಡೆಯ ಆ ಕೇರಿಯಲ್ಲಿ ಎಲ್ಲರ ನಾಟಿಯೂ ಮುಗಿಯುತ್ತ ಬಂದಿತ್ತು. ಗುತ್ಯಮ್ಮನ ಸಸಿ ಮಾತ್ರ ಮಡಿಯಲ್ಲೇ ಬಲಿತು ತುದಿ ಹಳದಿಯಾಗತೊಡಗಿತ್ತು. ಇನ್ನೆರಡು ದಿನ ಬಿಟ್ಟರೆ ದನದ ಮೇವು. ಅವಳು ಮಳೆಗೆ ಕಂಬಳಿಕೊಪ್ಪೆ ಹೊದ್ದು ಒಬ್ಬಳೇ ಸಸಿ ಕಿತ್ತು ಕಟ್ಟುತ್ತಿದ್ದಳು.

ಅಲ್ಲಿ ನಾಟಿಗೆ ಕೂಲಿಯಿಲ್ಲ, ಮುಯ್ಯಾಳು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಈ ಸಲ ಗುತ್ಯಮ್ಮನನ್ನು ಯಾರೂ ಕರೆದಿರಲಿಲ್ಲ. ಅವಳು ಕರೆದರೂ ಯಾರೂ ಬಂದಿರಲಿಲ್ಲ.

ಬೇಸಿಗೆಯಲ್ಲಿ ಸಾಗರದಿಂದ ಸುಮನಾ ಎಂಬ ಹುಡುಗಿ ತನ್ನ ಗೆಳೆಯರ ತಂಡ ಕಟ್ಟಿಕೊಂಡು ಬಂದಿದ್ದಳು. ಕೇರಿಯ ಹೆಂಗಸರನ್ನು ಕೂಡಿಸಿ, ದುಗ್ಗಪ್ಪ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದ ಸಾರಾಯಿ ನಿಲ್ಲಿಸಬೇಕೆಂದು ಅರ್ಜಿ ಬರೆಸಿದಳು. ಸಹಿ ಹಾಕಿದವರು ಹದಿನಾಲ್ಕು ಜನ. ಪೊಲೀಸರು ಬಂದು ಕೇಳಿದಾಗ "ಹೌದು, ಇಲ್ಲೇ ಮಾರ್ತಾನೆ" ಅಂದವಳು ಗುತ್ಯಮ್ಮ ಒಬ್ಬಳೇ. ಅಂಗಡಿ ಮುಚ್ಚಿತು. ತಂಡದವರು ಫೋಟೋ ತೆಗೆಸಿಕೊಂಡು ಹೋದರು. ಕೇರಿಗಿದ್ದ ಒಂದೇ ಟಿಲ್ಲರ್ ದುಗ್ಗಪ್ಪನದು. ಅದು ಬೇಕಾದವರೆಲ್ಲ ಗುತ್ಯಮ್ಮನನ್ನು ಕಂಡರೆ ದಾರಿ ಬದಲಿಸಿದರು. ಅವಳು ತವರಿನಿಂದ ಎತ್ತು ತಂದು ಉಳುಮೆ ಮಾಡಿಸಿದಳು. ಆದರೆ ನಾಟಿಗೆ ಎತ್ತು ಬರುವುದಿಲ್ಲವಲ್ಲ.

ಅಂಚಿನ ಮೇಲೆ ಯಾರೋ ಬಂದು ನಿಂತ ಹಾಗಾಯಿತು. ತಲೆ ಎತ್ತಿದರೆ ಸುಮನಾ. ಹಿಂದೆ ಇನ್ನೂ ಮೂವರು, ಪ್ಯಾಂಟು ಮಡಚಿಕೊಂಡು.

"ಎಂತಕ್ಕೆ ಬಂದ್ಯೇ? ಫೋಟೋ ಕಮ್ಮಿ ಬಿದ್ವಾ?"

"ನಾಟಿಗೆ ಬಂದ್ವಿ ಗುತ್ಯಮ್ಮ. ನಿಮ್ ವಿಷಯ ಗೊತ್ತಾಯ್ತು."

"ಈಗ ಗೊತ್ತಾಯ್ತಾ?"

ಹೋಗಿ ಎನ್ನುವುದು ಬಾಯಿತುದಿಗೆ ಬಂತು. ಹಳದಿ ತಿರುಗಿದ ಮಡಿ ನೋಡಿ ನುಂಗಿಕೊಂಡಳು. ಸಸಿಕಟ್ಟೊಂದನ್ನು ಸುಮನಾಳ ಕಾಲಬುಡಕ್ಕೆ ಎಸೆದಳು. ಕೆಸರು ಅವಳ ಮುಖಕ್ಕೆ ಸಿಡಿಯಿತು.

ನಾಲ್ವರಿಗೂ ನಾಟಿ ಗೊತ್ತಿರಲಿಲ್ಲ. "ಗಣಪತಿಗೆ ಗರಿಕೆ ಇಟ್ಟಂಗೆ ಇಡಬ್ಯಾಡ. ಬೆರಳಲ್ಲಿ ಒತ್ತು, ಬೇರು ಒಳಗೆ ಇಳೀಲಿ!" ಗುತ್ಯಮ್ಮ ದಿನವಿಡೀ ಬೈದಳು.

ಪಕ್ಕದ್ದು ದುಗ್ಗಪ್ಪನ ಗದ್ದೆ. ಅಲ್ಲಿ ಬಗ್ಗಿದ್ದ ಹೆಂಗಸರಲ್ಲಿ ಕೆರಿಯಮ್ಮ ಸೊಂಟ ನೆಟ್ಟಗೆ ಮಾಡಿದಳು. ಅರ್ಜಿಯಲ್ಲಿ ಎರಡನೇ ಸಹಿ ಅವಳದೇ.

"ಗುತ್ಯಮ್ಮೋ, ಪ್ಯಾಟೆಯಿಂದ ಆಳು ತರ್ಸಿದ್ಯಾ? ಮುಯ್ಯಿ ಹೆಂಗೆ ತೀರ್ಸ್ತೀಯೇ? ಇವ್ರ ಟೆರೇಸ್ ಮೇಲೆ ನಾಟಿ ಮಾಡಾಕೆ ಹೋಗ್ತೀಯಾ?"

ಗದ್ದೆಯ ತುಂಬ ನಗು. ಗುತ್ಯಮ್ಮ ಇನ್ನೊಂದು ಸಸಿಕಟ್ಟು ಬಿಚ್ಚಿದಳು.

ಸಂಜೆ ತೋಡಿನಲ್ಲಿ ಕೈಕಾಲು ತೊಳೆಯುವಾಗ ಅವಳೇ ಕೇಳಿದಳು. "ನಿನ್ ಮುಯ್ಯಿ ಯಾವತ್ತು?"

"ಅಯ್ಯೋ, ಬ್ಯಾಡ. ನಾವು ಸುಮ್ನೆ ಬಂದಿದ್ದು."

"ಸುಮ್ನೆ ಬರಾಕೆ ನಾನೇನು ಭಿಕ್ಷೆ ಕೇಳಿದ್ನಾ?"

ಸುಮನಾ ಉಗುರಿನ ಕೆಸರು ತೆಗೆದಳು. "ಹಂಗಾದ್ರೆ ನಾಳೆ ಬನ್ನಿ. ಬ್ಯಾಕೋಡು ಕಡೆ ಒಂದು ಕೇರಿಲೂ ಇಂಥದೇ ಅಂಗಡಿ ಇದೆ. ಹೆಂಗಸರು ಸೇರ್ತಾರೆ. ಇಲ್ಲಿ ಆಗಿದ್ದು ಹೇಳಿ."

"ಅಂಗಡಿ ಮುಚ್ಚಿದ್ದಾ?"

"ಹೂಂ."

"ನಾಟಿಗೆ ಒಂದು ನರಪಿಳ್ಳೆನೂ ಬರ್ಲಿಲ್ಲ ಅನ್ನದು?"

"ಅದನ್ನೂ ಹೇಳಿ," ಅಂದಳು ಸುಮನಾ.

"ಬರ್ತೀನಿ. ಅಲ್ಲಿಗೆ ಮುಯ್ಯಿ ತೀರ್ತು. ಆಮೇಲೆ ನೀನು ಈ ಅಂಚಿಗೆ ಕಾಲಿಡಬ್ಯಾಡ."

ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಹೊರಟವಳು ಗದ್ದೆಯ ಹತ್ತಿರ ನಿಂತಳು. ಸುಮನಾ ನೆಟ್ಟ ಸಾಲಿನ ಸಸಿಗಳು ಅಲ್ಲಲ್ಲಿ ಎದ್ದು ನೀರಿನ ಮೇಲೆ ತೇಲುತ್ತಿದ್ದವು. ಗುತ್ಯಮ್ಮ ಸೀರೆ ಎತ್ತಿ ಕಟ್ಟಿ ಇಳಿದಳು. ಒಂದೊಂದನ್ನೇ ಹೆಕ್ಕಿ ಬೆರಳಲ್ಲಿ ಒತ್ತುತ್ತ ಹೋದಳು. ಆಚೆ ಗದ್ದೆಗೆ ಬರುತ್ತಿದ್ದ ಕೆರಿಯಮ್ಮ ನಿಂತು ನೋಡಿದಳು.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು.

ಕೆಸರುಗಾಲಲ್ಲೇ ಓಡಿ ಹತ್ತಿದಳು. ಅವಳನ್ನು ಕರೆದೊಯ್ಯಲೆಂದು ಬಂದಿದ್ದ ಸುಮನಾ ಮುಂದಿನ ಸೀಟಿನಲ್ಲಿ ಸರಿದು ಜಾಗ ಮಾಡಿದಳು. ಗುತ್ಯಮ್ಮ ಅವಳನ್ನು ದಾಟಿ ಹಿಂದೆ ಹೋಗಿ ಕಿಟಕಿ ಪಕ್ಕ ಕೂತಳು. ಬಸ್ಸು ಇಕ್ಕೇರಿ ದಾಟಿದ ಮೇಲೆ ನೋಡಿಕೊಂಡರೆ, ಮುಷ್ಟಿಯಲ್ಲಿ ನೆಡದೆ ಉಳಿದ ನಾಲ್ಕು ಸಸಿಗಳಿದ್ದವು. ಬೇರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.