ಉಪ್ಪು ಬಿದ್ದ ತೆಳಿ

ಅಪೇಕ್ಷಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಸುಳ್ಯದ ಕಾಲೇಜಿನ ಲ್ಯಾಬಿನಲ್ಲಿ ನಮ್ಮಿಬ್ಬರ ಮೇಜು ಒಂದೇ, ಪ್ರಾಜೆಕ್ಟ್ ಒಂದೇ, ಬಾಟಲಿ ಮಾತ್ರ ಬೇರೆ. ಪಿಷ್ಟ ತಿಂದು, ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ತಯಾರಿಸುವಂತೆ ತಿದ್ದಿದ ಬ್ಯಾಕ್ಟೀರಿಯಾಗಳನ್ನು ಜೆಲ್ಲಿನ ಮಣಿಗಳೊಳಗೆ ಜೀವಂತ ಸಾಕುವುದು ನಮ್ಮ ಕೆಲಸ. ಮೇವು, ಅವರವರ ಮನೆಯ ಗಂಜಿಯ ತೆಳಿ, ಅಂದರೆ ಅಕ್ಕಿ ಬೆಂದ ನೀರು. ಯಾರ ಮಣಿ ಗಟ್ಟಿಯಾಗಿ ಉಳಿಯುತ್ತದೋ ಅವರು ಮಂಗಳೂರಿನ ಸಮ್ಮೇಳನಕ್ಕೆ. ಹೋಗುವವರು ಒಬ್ಬರೇ.

ಅವಳ ಮಣಿಗಳು ಮೂರು ವಾರವಾದರೂ ಗಟ್ಟಿ. ನನ್ನವು ನಾಲ್ಕೇ ದಿನಕ್ಕೆ ಉಬ್ಬಿ ಮೆತ್ತಗಾದವು. ನಾನು ಪುಸ್ತಕ ತಿರುವಿ ತಿರುವಿ ಕಣ್ಣು ಕೆಡಿಸಿಕೊಂಡರೆ ಅವಳು ಹಾಡು ಗುನುಗುತ್ತ ಮೇವು ಸುರಿಯುತ್ತಾಳೆ. ಸರ್ ಬಂದರೆ ಅವಳ ಬಾಟಲಿಯನ್ನೇ ಬೆಳಕಿಗೆ ಹಿಡಿಯುತ್ತಾರೆ. ನನ್ನ ಹೊಟ್ಟೆಯ ಉರಿಯಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಎರಡೂ ಬಾಟಲಿಗಳ ಹೆಸರಿನ ಚೀಟಿ ಕಿತ್ತು ಅದಲುಬದಲು ಅಂಟಿಸಿಬಿಟ್ಟೆ.

ವಾರ ಕಳೆಯಿತು. ನಾನು ಕದ್ದ ಮಣಿಗಳೂ ಮೆತ್ತಗಾದವು. ಅವಳ ಪಾಲಿಗೆ ಹೋದ ನನ್ನವು ಗಟ್ಟಿಯಾದವು! ಇವಳ ಕೈಯಲ್ಲಿ ಎಂಥ ಬರಕತ್ತು ಉಂಟೋ ಎಂದು ಹಲ್ಲು ಕಡಿದೆ.

ಆ ಭಾನುವಾರ ರೆಕಾರ್ಡ್ ಬರೆಯಲು ಅವಳು ಅಜ್ಜಾವರದ ನಮ್ಮ ಮನೆಗೆ ಬಂದಳು. ಉಮ್ಮ ಗಂಜಿ, ಒಣಮೀನಿನ ಚಟ್ನಿ ಬಡಿಸಿದರು. ಅವಳು ಉಪ್ಪಿಗೆ ಕೈ ಚಾಚಿದಳು.

"ಬೇಡ ಮೋಳೆ, ಬೇಯುವಾಗಲೇ ಹಾಕಿದ್ದೇನೆ. ನಮ್ಮಲ್ಲಿ ಹಾಗೆಯೇ," ಎಂದರು ಉಮ್ಮ, ಅವಳೂ ತನ್ನ ಮಗಳೇ ಎಂಬ ಹಾಗೆ.

ಅಪೇಕ್ಷಾಳ ಕೈ ಅಲ್ಲೇ ನಿಂತಿತು. "ಸಫೂರಾ, ನೀನು ಲ್ಯಾಬಿಗೆ ತರುದು ಈ ತೆಳಿಯನ್ನಾ? ನಾವು ಉಪ್ಪು ಹಾಕುದು ಬಟ್ಟಲಿಗೆ ಮಾರಾಯ್ತಿ!"

ಅಡುಗೆ ಉಪ್ಪು ಬಿದ್ದರೆ ಮಣಿಯನ್ನು ಬಿಗಿಹಿಡಿದ ಕ್ಯಾಲ್ಸಿಯಂ ಸಡಿಲಾಗಿ ಮಣಿ ಉಬ್ಬುತ್ತದೆ. ಪುಸ್ತಕದಲ್ಲಿ ಓದಿದ್ದೆ, ಉಮ್ಮನ ಗಂಜಿಯಲ್ಲಿ ಹುಡುಕಿರಲಿಲ್ಲ.

ಅಂಗಳಕ್ಕೆ ಬಂದಾಗ ಅವಳು ಮೆಲ್ಲಗೆ ಹೇಳಿದಳು: "ನಿನ್ನ ಮಣಿಗಳನ್ನು ಕ್ಯಾಲ್ಸಿಯಂ ನೀರಲ್ಲಿ ಅದ್ದಿ ಸರಿ ಮಾಡಿದ್ದೇನೆ. ಮಂಗಳೂರಿಗೆ ಅದನ್ನೇ ತಕೊಂಡು ಹೋಗು."

"ನನ್ನ ಮಣಿ... ನಿನ್ನ ಹತ್ರ?"

"ನಾನು ಜೆಲ್ ಹನಿ ಬಿಟ್ಟದ್ದು ಸಪೂರ ಸೂಜಿಯಲ್ಲಿ, ನೀನು ದಪ್ಪದ್ರಲ್ಲಿ. ನನ್ನ ಮಣಿ ಸಣ್ಣ, ನಿನ್ನದು ದೊಡ್ಡ. ನನ್ನದು ನಂಗೆ ಗೊತ್ತಾಗುದಿಲ್ವಾ? ಚೀಟಿ ಬದಲಾದ ದಿನವೇ ಗೊತ್ತಾಯ್ತು. ಸರ್‌ಗೆ ಹೇಳ್ಲಿಲ್ಲ."

ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು. ಒಳ್ಳೆಯತನದಲ್ಲೂ ಇವಳೇ ಮುಂದೆ! ಹಾಳು ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.