ಮೂರು ಪೆಟ್ಟಿಗೆಗೆ ಒಂದೇ ಅಳತೆ ತಂತಿ

ಚಳಿಯಾದರೆ ನಮಗೆ ಕಂಬಳಿ ಇದೆ, ಒಲೆ ಇದೆ, ಏನೂ ಇಲ್ಲದಿದ್ದರೆ ಉಜ್ಜಿಕೊಳ್ಳಲು ಎರಡು ಅಂಗೈಗಳಾದರೂ ಇವೆ. ಹಾವು, ಉಡ, ಆಮೆಗಳಿಗೆ ಅದೂ ಇಲ್ಲ. ಸೃಷ್ಟಿ ಮಾಡಿದವನು ನಮ್ಮ ಒಲೆಯನ್ನು ಮೈಯೊಳಗೇ ಇಟ್ಟ, ಅವುಗಳ ಒಲೆಯನ್ನು ಹೊರಗೆ ಬಿಸಿಲಿನಲ್ಲಿಟ್ಟ. ಬಿಸಿಲಿನಿಂದ ಎತ್ತಿ ಪೆಟ್ಟಿಗೆಯಲ್ಲಿಟ್ಟವರು ಆ ಒಲೆಗೂ ಹೊಣೆಯಾಗಬೇಕು.

ಬೆಸುಗೆ ಕೆಲಸದವನ ಮನೆಯ ಹಿಂಕೋಣೆಯಲ್ಲಿ ಅಂಥ ಮೂರು ಜೀವಗಳಿದ್ದವು. ಪ್ರಾಣಿಗಳ ಆಸ್ಪತ್ರೆಯಲ್ಲಿ ಜಾಗ ಸಾಲದೆ, ಗಾಯ ಮಾಯುವವರೆಗೆ ಎಂದು ಡಾಕ್ಟರಮ್ಮ ಅವನ್ನು ಆ ಮನೆಯ ಸೊಸೆಗೆ ಒಪ್ಪಿಸಿದ್ದರು. ಒಂದು ಪೆಟ್ಟಿಗೆಯಲ್ಲಿ ಬಲೆಗೆ ಸಿಕ್ಕಿ ಚರ್ಮ ಹರಿದುಕೊಂಡ ಹೆಬ್ಬಾವಿನ ಮರಿ. ಇನ್ನೊಂದರಲ್ಲಿ ಕಾಲು ಮುರಿದ ಉಡ. ಮತ್ತೊಂದರಲ್ಲಿ ಚಿಪ್ಪು ಬಿರಿದ ಆಮೆ. ಅದು ಸೊಪ್ಪು ತಿನ್ನುವ ಗತ್ತು ನೋಡಿ ಅತ್ತೆ ಅದಕ್ಕೆ ‘ಯಜಮಾನ’ ಎಂದು ಹೆಸರಿಟ್ಟಿದ್ದರು.

ಪ್ರತಿ ಪೆಟ್ಟಿಗೆಗೂ ಬೆಳಕಿಲ್ಲದ ಒಂದು ಬಿಸಿ ಬಲ್ಬು. ಬಿಸಿ ಹೆಚ್ಚಾದರೆ ಬಲ್ಬನ್ನು ತಾನೇ ಆರಿಸಿ, ಕಡಿಮೆಯಾದರೆ ತಾನೇ ಹೊತ್ತಿಸುವ ಥರ್ಮೋಸ್ಟಾಟ್ ಮಾತ್ರ ಒಂದೇ. ಸೊಸೆಯ ಗಂಡ, ಆ ಬೆಸುಗೆಯವನೇ, ಮೂರು ಬಲ್ಬುಗಳನ್ನೂ ಅದಕ್ಕೇ ಸೇರಿಸಿದ್ದ. ಎಷ್ಟು ಬಿಸಿಯಿದೆ ಎಂದು ಅದಕ್ಕೆ ತಿಳಿಸುವ ಅಳತೆ ತಂತಿ ಹೆಬ್ಬಾವಿನ ಪೆಟ್ಟಿಗೆಯಲ್ಲಿತ್ತು.

“ಅಣ್ಣ, ಒಂದೊಂದು ಪೆಟ್ಟಿಗೆಗೂ ಒಂದೊಂದು ಬೇಕು,” ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

“ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು ಡಾಕ್ಟರಮ್ಮ. ಎಲ್ಲ ಅಗುಳೂ ಹಿಸುಕ್ತೀರಾ?”

“ಅದು ಒಂದೇ ಪಾತ್ರೆ ಅನ್ನಕ್ಕೆ ಸರಿ. ಇಲ್ಲಿರೋದು ಮೂರು ಪಾತ್ರೆ.”

“ನೀವು ಹಾವಿಗೆ ಸೂಜಿ ಚುಚ್ಚಿ. ತಂತಿ ಕೆಲಸ ನನಗೆ ಬಿಡಿ.”

ಅವನು ನಕ್ಕ. ಸೊಸೆಯೂ ಸೆರಗು ಅಡ್ಡ ಹಿಡಿದು ನಕ್ಕಳು. ಗಂಡ ಬೆಸೆದದ್ದು ಬಿಟ್ಟುಕೊಂಡದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಸೊಸೆಯದು ಹೊಲಿಗೆಯ ಕೈ. ನೂಲಾಗಲಿ ತಂತಿಯಾಗಲಿ ನೆಲದಲ್ಲಿ ಹರಡಿದ್ದರೆ ಆ ಕೈಗೆ ಸಮಾಧಾನವಿಲ್ಲ. ಆ ದಿನ ಹೆಬ್ಬಾವನ್ನು ಬಟ್ಟೆಯ ಚೀಲಕ್ಕೆ ಬಿಟ್ಟು, ಪೆಟ್ಟಿಗೆ ತೊಳೆಯಲು ಹೊರಟವಳು ಅಳತೆ ತಂತಿಯನ್ನು ಹೊರಗೆಳೆದಳು. ಒದ್ದೆಯಾಗದಿರಲಿ ಎಂದು ಅಂದವಾಗಿ ಸುತ್ತಿ ಕಿಟಕಿಯ ಸರಳಿಗೆ ನೇತುಹಾಕಿದಳು. ಅಷ್ಟರಲ್ಲಿ ಅಂಗಿಯ ತೋಳು ಬಿಗಿಯಾಯಿತೆಂದು ಯಾರೋ ಬಂದರು. ಮುಂದಿನ ಕೋಣೆಯಲ್ಲಿ ತೋಳು ಬಿಚ್ಚುವುದು, ಮತ್ತೆ ಅಳೆಯುವುದು, ಮಾತು. ಕಿಟಕಿಯಲ್ಲಿ ಕುಳಿರ್ಗಾಳಿ ಬೀಸುತ್ತಿತ್ತು. ತಂತಿ ‘ಚಳಿ’ ಎಂದಿತು. ಥರ್ಮೋಸ್ಟಾಟ್ ನಂಬಿತು. ಬಲ್ಬುಗಳು ಆರಲೇ ಇಲ್ಲ.

ಅವಳು ಹಿಂತಿರುಗಿದಾಗ ಕೋಣೆಯಲ್ಲಿ ಕಾದ ಮರದ ವಾಸನೆಯಿತ್ತು. ಉಡ ಬಲ್ಬಿಗೆ ದೂರದ ಮೂಲೆಯಲ್ಲಿ ಗಾಜಿಗೆ ಮೂತಿ ಒತ್ತಿ ಸತ್ತಿತ್ತು. ಕೆರೆದು ಕೆರೆದು ಉಗುರು ಕಿತ್ತುಹೋಗಿದ್ದವು. ಯಜಮಾನ ಕತ್ತು ಪೂರ್ತಿ ಹೊರಚಾಚಿ, ಬಾಯಿ ತೆರೆದು ನೊರೆ ಸುರಿಸುತ್ತಿದ್ದ.

ಡಾಕ್ಟರಮ್ಮ ಓಡಿ ಬಂದರು. ಸೊಸೆ ತಣ್ಣೀರಿನ ಕೊಡ ಎತ್ತಿದ್ದನ್ನು ಕಂಡು ತಡೆದರು. “ಅಷ್ಟು ತಣ್ಣಗಿರೋದು ಬೇಡ ಅಕ್ಕ, ತಡ್ಕೊಳ್ಳಲ್ಲ. ಉಗುರುಬೆಚ್ಚಗಿಂತ ಸ್ವಲ್ಪ ತಣ್ಣಗಿರಲಿ, ನಿಧಾನವಾಗಿ.”

ಬೋಗುಣಿಯ ನೀರಿನಲ್ಲಿ ಆಮೆಯ ಗದ್ದಕ್ಕೆ ಕೈಯೊಡ್ಡಿ ಸೊಸೆ ಕುಳಿತಳು. ಅತ್ತೆ ಪಕ್ಕದಲ್ಲಿ ಕಣ್ಮುಚ್ಚಿ ದೇವರನ್ನು ಬೇಡುತ್ತಿದ್ದರು. ಸಂಜೆಗೆ ಕೈಯ ಮೇಲಿನ ಭಾರ ಬೇರೆಯಾಯಿತು. ಅತ್ತೆ ಕಣ್ತೆರೆದು ನೋಡಿದರು. “ಬಿಡಮ್ಮ, ಹೋಯ್ತು,” ಎಂದರು.

“ಮನೆಯೊಳಗೇ ಇದ್ದೆ ಅತ್ತೆ. ಒಂದು ಸದ್ದೂ ಕೇಳಿಸಲಿಲ್ಲ.”

“ಅವು ಕೂಗಲ್ಲ ಅಕ್ಕ,” ಎಂದರು ಡಾಕ್ಟರಮ್ಮ.

ಬೆಸುಗೆಯವನು ಬಾಗಿಲಲ್ಲೇ ನಿಂತಿದ್ದ. ಸೊಸೆ ಎದ್ದು ಹಾವಿನ ಚೀಲವನ್ನು ಎದೆಗೊತ್ತಿಕೊಂಡಳು. “ಇನ್ನು ಈ ಮನೇಲಿ ಬಲ್ಬು ಬೇಡ. ಇದಕ್ಕೆ ಕಂಬಳಿ ಸುತ್ತಿ ಇಡ್ತೀನಿ. ಇದನ್ನೂ ಬೇಯಿಸೋಕೆ ನಾನು ಬಿಡಲ್ಲ.”

“ಕಂಬಳಿಗೆ ತನ್ನದು ಅಂತ ಬಿಸಿ ಇಲ್ಲ ಅಕ್ಕ,” ಎಂದರು ಡಾಕ್ಟರಮ್ಮ. “ ನಮ್ಮ ಮೈಯ ಬಿಸೀನ ಅದು ಹಿಡಿದಿಡುತ್ತೆ ಅಷ್ಟೆ. ಇದರ ಮೈಯಲ್ಲಿ ಹಿಡಿದಿಡೋಕೆ ಏನಿದೆ? ಈ ಚಳೀಲಿ ಬಿಟ್ರೆ ಗಾಯ ಮಾಯಲ್ಲ, ತಿಂದಿದ್ದು ಅರಗಲ್ಲ. ಅದೂ ಸದ್ದಿಲ್ಲದೆ ಸಾಯುತ್ತೆ.”

“ಬಿಸಿ ಕೊಟ್ರೂ ಸಾವು, ಕೊಡದಿದ್ರೂ ಸಾವು. ಹಾಗಾದ್ರೆ ನಾನೇನು ಮಾಡ್ಲಿ? ತಂತಿ ಕಿತ್ತಿದ್ದು ಇದೇ ಕೈ.”

“ಕಿತ್ತಿದ್ದು ನೀನು,” ಎಂದ ಗಂಡ. “ಮೂರು ಪ್ರಾಣ ಒಂದೇ ತಂತಿಗೆ ಕಟ್ಟಿದ್ದು ನಾನು. ಹೇಳಿ ಡಾಕ್ಟರಮ್ಮ, ಈ ಸಲ ಬಾಯಿ ಮುಚ್ಕೊಂಡು ಕೇಳ್ತೀನಿ.”

ಡಾಕ್ಟರಮ್ಮ ನೆಲದಲ್ಲೇ ಕೂತು ಹೇಳಿದರು. ಉಡಕ್ಕೆ ಬೇಕಾದ ಬಿಸಿ ಬೇರೆ, ಹಾವಿಗೆ ಬೇಕಾದದ್ದು ಬೇರೆ. ಕಿಟಕಿ ಪಕ್ಕದ ದೊಡ್ಡ ಪೆಟ್ಟಿಗೆ ಕಾಯುವಷ್ಟರಲ್ಲಿ ಮೂಲೆಯ ಚಿಕ್ಕ ಪೆಟ್ಟಿಗೆ ಕುದಿಯುತ್ತದೆ. ಹಾಗಾಗಿ ಪ್ರತಿ ಪೆಟ್ಟಿಗೆಗೂ ಅದರದೇ ಥರ್ಮೋಸ್ಟಾಟ್, ಅದರದೇ ಅಳತೆ ತಂತಿ. ತಂತಿಯನ್ನು ಬಿಸಿಯ ಕಡೆ, ಪ್ರಾಣಿ ಎಳೆಯದ ಹಾಗೆ ಬಿಗಿಯಬೇಕು. ಬಿಸಿ ಒಂದೇ ತುದಿಯಲ್ಲಿದ್ದು ಇನ್ನೊಂದು ತುದಿ ತಂಪಾಗಿರಬೇಕು.

“ಇಷ್ಟಾದ ಮೇಲೆ ನಂಬಬಹುದಾ ಈ ಯಂತ್ರಾನ?” ಎಂದರು ಅತ್ತೆ.

“ನಂಬಬೇಡಿ ಅಮ್ಮ. ಬೇರೆ ಥರ್ಮಾಮೀಟರ್ ಒಳಗಿಟ್ಟು ದಿನಾ ನೋಡಿ. ಯಂತ್ರಾನೂ ಕೆಡುತ್ತೆ.”

ಹಾವು ಆ ರಾತ್ರಿ ಆಸ್ಪತ್ರೆಗೆ ಹೋಯಿತು. ಮರುದಿನ ಬೆಸುಗೆಯವನು ಹಳೆಯ ತಂತಿಗಳನ್ನೆಲ್ಲ ಕಿತ್ತು ಮೂರು ಥರ್ಮೋಸ್ಟಾಟ್ ಜೋಡಿಸಿದ. “ಇರೋದು ಒಂದೇ ಹಾವು ಅಲ್ವಾ?” ಎಂದಳು ಹೆಂಡತಿ. “ಗಾಯವಾದವು ಇನ್ನೂ ಬರ್ತಾವೆ,” ಎಂದು ಅವನು ತಲೆಯೆತ್ತದೆ ಹೇಳಿದ. ಖಾಲಿ ಪೆಟ್ಟಿಗೆಯನ್ನು ಹಗಲೂ ರಾತ್ರಿ ಬಿಸಿಯಾಗಿಟ್ಟು, ಥರ್ಮಾಮೀಟರಿನ ಅಂಕಿ ಏರುಪೇರಾಗದ್ದನ್ನು ಕಂಡ ಮೇಲೆಯೇ ಹಾವನ್ನು ಕರೆತಂದರು. ಬಹಳ ಹೊತ್ತು ಅದು ಮುದುಡಿಯೇ ಇತ್ತು. ಆಮೇಲೆ ಬಿಸಿಯ ಕಡೆ ಹರಿದು ಮೈಚಾಚಿತು. ಸಾಕೆನಿಸಿದಾಗ ತಂಪಿನ ಕಡೆ ಸರಿಯಿತು. ಅದನ್ನು ನೋಡಿ ಸೊಸೆ ಮೊದಲ ಸಲ ಬಿಕ್ಕಿ ಅತ್ತಳು. ಉಡಕ್ಕೆ ಸರಿದುಹೋಗಲು ಅಂಥ ತಂಪು ಎಲ್ಲೂ ಉಳಿದಿರಲಿಲ್ಲ.

ಇಂಥ ಜೀವವನ್ನು ಒಪ್ಪಿಕೊಂಡ ತಾಯಂದಿರೇ, ಅಣ್ಣತಮ್ಮಂದಿರೇ, ಈಗಲೇ ಎದ್ದು ಹೋಗಿ ನೋಡಿ. ನಿಮ್ಮ ಮನೆಯಲ್ಲೂ ಹಲವು ಪೆಟ್ಟಿಗೆ ಒಂದೇ ತಂತಿಯ ಮಾತು ಕೇಳುತ್ತಿವೆಯೇ? ಹಾಗಿದ್ದರೆ ಇವತ್ತೇ ಬೇರ್ಪಡಿಸಿ. ತೊಳೆಯುವಾಗ ಮೊದಲು ಬಲ್ಬು ಆರಿಸಿ, ಆಮೇಲೆ ತಂತಿ ತೆಗೆಯಿರಿ. ತಂತಿ ಒಳಗೆ ಸೇರಿದ ಮೇಲೆಯೇ ಬಲ್ಬು ಹೊತ್ತಿಸಿ. ನಾವು ಮುಚ್ಚಳ ಹಾಕಿದ ಮೇಲೆ ಆ ಜೀವಕ್ಕೆ ನಾವು ಇಟ್ಟದ್ದೇ ಹಗಲು, ನಾವು ಕೊಟ್ಟದ್ದೇ ಬಿಸಿಲು.